ಹಳೆಯ ವಿಮಾನ, ಹೊಸ ಗಣಕ

ಭಜನಾಮೇಳದ ಹಾರ್ಮೋನಿಯಂನ ತಿದಿಗೂ ವಿಮಾನ ಚಾಲನೆಗೂ ಸಂಬಂಧವಿದೆಯೆಂದರೆ ಗುಡ್ಡಾಪುರ, ಉಮದಿಯ ಭಜನಾ ಮಂಡಳಿಯವರು ನಗಬಹುದು. ಆದರೆ ಇತಿಹಾಸ ಹಾಗೆಯೇ ಹೇಳುತ್ತದೆ. ಅಮೆರಿಕದ ಎಡ್ವಿನ್ ಲಿಂಕ್‌ನ ತಂದೆ ಪಿಯಾನೊ, ಆರ್ಗನ್ ವಾದ್ಯಗಳ ಕಾರ್ಖಾನೆ ನಡೆಸುತ್ತಿದ್ದನು. ಆ ವಾದ್ಯಗಳ ತಿದಿಗಳನ್ನೇ ಬಳಸಿ ಲಿಂಕ್ 1929ರಲ್ಲಿ ನೆಲದ ಮೇಲೆ ನಿಂತೇ ಓಲಾಡುವ ಪುಟ್ಟ ವಿಮಾನವನ್ನು ರಚಿಸಿದನು. ಎರಡನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಚಾಲಕರು ಅದರಲ್ಲಿ ಕಲಿತರು. ಇದುವೇ ಅಣಕು ಹಾರಾಟದ ಮೊದಲ ಅಧ್ಯಾಯ.

ಎರಡನೆಯ ಅಧ್ಯಾಯ ಗಣಕದ್ದು. ಬ್ರೂಸ್ ಆರ್ಟ್‌ವಿಕ್ 1979ರಲ್ಲಿ ಆಪಲ್ ಗಣಕಕ್ಕಾಗಿ ಬರೆದ ಆಟವನ್ನು ಆಧರಿಸಿ 1982ರಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಹೊರಬಂದಿತು. ಬಹುಕಾಲ ಅದರ ಹಾರಾಟ ಆರಂಭವಾಗುತ್ತಿದ್ದುದು ಶಿಕಾಗೊ ನಗರದ ಮೇಗ್ಸ್ ನಿಲ್ದಾಣದಿಂದ. 2003ರ ಮಾರ್ಚ್ ಕೊನೆಯಲ್ಲಿ ನಗರಾಡಳಿತ ಒಂದೇ ರಾತ್ರಿಯಲ್ಲಿ ಆ ಓಡುದಾರಿಯನ್ನು ಅಗೆಸಿಹಾಕಿತು. ನೆಲದ ಮೇಲೆ ನಿಲ್ದಾಣ ಅಳಿಯಿತು. ಹಳೆಯ ಆಟದಲ್ಲಿ ಉಳಿಯಿತು.

ನಮ್ಮ ಕಡೆಗೂ ಇಂಥದೇ ನಿದರ್ಶನವುಂಟು. 2006ರ ಆವೃತ್ತಿಯನ್ನು ಇಂದು ತೆರೆದು ಬೆಂಗಳೂರಿಗೆ ಹೋದರೆ ವಿಮಾನ ಇಳಿಯುವುದು ಹಳೆಯ ಎಚ್.ಎ.ಎಲ್. ನಿಲ್ದಾಣದಲ್ಲಿ. ದೇವನಹಳ್ಳಿಯ ನಿಲ್ದಾಣ ಅದರಲ್ಲಿಲ್ಲ; ಅದು ಆರಂಭವಾದದ್ದು 2008ರ ಮೇ 24ರಂದು. ಆಟವೆಂದು ಕೊಂಡದ್ದು ಈಗ ಒಂದು ಕಾಲದ ನಕ್ಷೆಯಾಗಿದೆ.

ಆದರೆ ಆ ನಕ್ಷೆಯನ್ನು ಬಿಚ್ಚುವುದು ಸುಲಭವಲ್ಲ. ಹದಿನಾರು ಬಿಟ್‌ನ ಹಳೆಯ ತಂತ್ರಾಂಶಗಳನ್ನು ಅರವತ್ತನಾಲ್ಕು ಬಿಟ್‌ನ ವಿಂಡೋಸ್ ನಡೆಸುವುದಿಲ್ಲ. ನಕಲು ತಡೆಯಲು ಸೇಫ್‌ಡಿಸ್ಕ್ ಬೀಗ ಹಾಕಿದ ಸೀಡಿಗಳನ್ನು ವಿಂಡೋಸ್ 10 ಒಪ್ಪಲಿಲ್ಲ. ತೀರ ಹಳೆಯ ಆವೃತ್ತಿಗಳಿಗೆ ಡಾಸ್‌ಬಾಕ್ಸ್ ಎಂಬ ಉಪಾಯವಿದೆ: ಅದು ಹೊಸ ಗಣಕದೊಳಗೆ ಒಂದು ಹಳೆಯ ಗಣಕವನ್ನು ಅಣಕಿಸಿ ತೋರಿಸುತ್ತದೆ. ಅಣಕು ವಿಮಾನ ಹಾರಲು ಅಣಕು ಗಣಕವೇ ಬೇಕಾಯಿತು! 2020ರ ಹೊಸ ಆವೃತ್ತಿಯಾದರೋ ಭೂಮಿಯ ಚಿತ್ರಗಳನ್ನು ಅಂತರ್ಜಾಲದಿಂದ ತರಿಸಿಕೊಳ್ಳುತ್ತದೆ. ನೋಟ ಸೊಗಸು, ಆದರೆ ಆ ಚಿತ್ರಗಳು ನಮ್ಮ ಮನೆಯ ಕಪಾಟಿನಲ್ಲಿಲ್ಲ.

ಜತ್ತದಲ್ಲಿ ಕುಳಿತು ಇದನ್ನೇಕೆ ಬರೆಯಬೇಕು? ನಕ್ಷೆ ಬದಲಾಗುವುದೆಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಡಫಳೆ ಮನೆತನದ ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1960ರಲ್ಲಿ ಈ ನೆಲ ಮಹಾರಾಷ್ಟ್ರದ ಪಾಲಾಯಿತು. ನಾವು ಇದ್ದಲ್ಲಿಯೇ ಇದ್ದೆವು, ಗೆರೆಗಳು ಸರಿದವು. ಮನೆಮಾತು ಕನ್ನಡವಾಗಿಯೇ ಉಳಿಯಿತು. ಅದಕ್ಕೆ ಸಾಕ್ಷಿ ನಮ್ಮ ಶಾಲೆಗಳು, ಸಂಘಗಳು, ಸ್ಮರಣಸಂಚಿಕೆಗಳು.

ಆ ಸಾಕ್ಷಿಗಳಿಗೂ ಹಳೆಯ ವಿಮಾನದ ಗತಿಯೇ ಬರಬಹುದು. ಬರಹ, ನುಡಿ ತಂತ್ರಾಂಶಗಳು ಗಣಕದಲ್ಲಿ ಕನ್ನಡವನ್ನು ಮನೆಮನೆಗೆ ತಂದವು. ಅವುಗಳ ಉಪಕಾರ ದೊಡ್ಡದು. ಆದರೆ ಯೂನಿಕೋಡ್‌ಗೆ ಮುಂಚಿನ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಕಡತವನ್ನು ಆ ಅಕ್ಷರಗಳಿಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ಕನ್ನಡವಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅಜ್ಜನ ಲೇಖನ ಮೊಮ್ಮಗನಿಗೆ ಒಗಟಾಗುತ್ತದೆ.

ಪರಿಹಾರ ಕಷ್ಟವಲ್ಲ. ಪರಿವರ್ತಕ ತಂತ್ರಾಂಶಗಳಿವೆ. ಯಾರ ಮನೆಯಲ್ಲಿ ಹಳೆಯ ಫ್ಲಾಪಿ, ಸೀಡಿಗಳಿವೆಯೋ ಅವರು ಮುಂದಿನ ಸಭೆಗೆ ತರಲಿ. ಕಿರಿಯರು ಅವನ್ನು ಯೂನಿಕೋಡ್‌ಗೆ ಬದಲಿಸಲಿ. ಹಿರಿಯರು ಪಕ್ಕದಲ್ಲಿ ಕುಳಿತು ಒತ್ತಕ್ಷರ ತಪ್ಪಿದಲ್ಲಿ ತಿದ್ದಲಿ. ಹವ್ಯಾಸಿಗಳು ಒಂದು ಆಟಕ್ಕಾಗಿ ಪಡುವಷ್ಟು ಶ್ರಮವನ್ನು ನಾವು ನಮ್ಮ ನುಡಿಗಾಗಿ ಪಡಲಾರೆವೇ?