ಲಿಯೋನಿನ ನೇಕಾರರು ಕೇಳಿದ ಕೂಲಿ

ಫ್ರಾನ್ಸಿನ ಲಿಯೋನ್ ನಗರದಲ್ಲಿ ಕ್ರ್ವಾ-ರೂಸ್ ಎಂಬ ಗುಡ್ಡವಿದೆ. ಅಲ್ಲಿನ ಹಳೆಯ ಮನೆಗಳ ಚಾವಣಿ ನೆಲದಿಂದ ಸುಮಾರು 4 ಮೀಟರ್ ಎತ್ತರ, ಕಿಟಕಿಗಳು ಬಾಗಿಲಿನಷ್ಟು ದೊಡ್ಡವು. ಅವುಗಳಲ್ಲಿ ಬಾಳಿದವರು ರೇಷ್ಮೆ ನೇಕಾರರು. ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ ಬೆಳೆದ ನನಗೆ ಆ ಎತ್ತರದ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಚಿತ್ತಾರಕ್ಕೆ ಎಳೆ ಎತ್ತುವ ಜಕಾರ್ಡ್ ಯಂತ್ರವನ್ನು ಮಗ್ಗದ ತಲೆಯ ಮೇಲೆ ಕೂರಿಸಿದರೆ ಸೂರು ಮೇಲೇರಲೇಬೇಕು. ಎಳೆ ಕಾಣಬೇಕಾದರೆ ಬೆಳಕು ಬೇಕು, ಅದಕ್ಕೇ ದೊಡ್ಡ ಕಿಟಕಿ. ಒಳ್ಳೆಯ ಜಾಗವೆಲ್ಲ ಮಗ್ಗಕ್ಕೆ ಹೋಗಿ, ಮನೆಮಂದಿ ಅದೇ ಕೋಣೆಯ ಅಟ್ಟದ ಮೇಲೆ ಮಲಗುತ್ತಿದ್ದರು.

ಲಿಯೋನಿಗೆ ಈ ಕಸುಬು ಬಂದದ್ದು ಇಟಲಿಯ ಕಡೆಯಿಂದ. ರೇಷ್ಮೆ ಬಟ್ಟೆಗಾಗಿ ದೇಶದ ಹಣ ಹೊರಗೆ ಹೋಗುತ್ತಿದ್ದದ್ದನ್ನು ತಡೆಯಲು ದೊರೆ ಒಂದನೇ ಫ್ರಾನ್ಸ್ವಾ 1536ರಲ್ಲಿ ಇಲ್ಲಿನ ನೇಯ್ಗೆಗೆ ವಿಶೇಷ ಸವಲತ್ತು ಕೊಟ್ಟ. ಮುಂದೆ ವರ್ಸೈ ಅರಮನೆಯ ಗೋಡೆಗೂ ಮಂಚಕ್ಕೂ ಲಿಯೋನಿನ ರೇಷ್ಮೆಯೇ ಹೋಯಿತು.

ಹೂಬಳ್ಳಿಯ ಬಟ್ಟೆ ನೇಯುವಾಗ ಹೊಕ್ಕಿನ ಪ್ರತಿ ಸಾಲಿಗೂ ಹಾಸಿನ ಬೇರೆ ಬೇರೆ ಎಳೆಗಳು ಏಳಬೇಕು. ಹಳೆಯ ಮಗ್ಗದಲ್ಲಿ ಪಕ್ಕದಲ್ಲಿದ್ದ ಇನ್ನೊಬ್ಬರು, ಹೆಚ್ಚಾಗಿ ಹೆಂಗಸರು ಅಥವಾ ಮಕ್ಕಳು, ದಿನವಿಡೀ ಹಗ್ಗ ಜಗ್ಗಿ ಎಳೆ ಎತ್ತಬೇಕಿತ್ತು. 1725ರಲ್ಲಿ ಬಾಸಿಲ್ ಬುಶೋನ್ ತೂತು ಹೊಡೆದ ಕಾಗದದಿಂದ ಈ ಕೆಲಸ ಮಾಡಿಸಲು ನೋಡಿದ. ಅನಂತರ ಫಾಲ್ಕೋನ್ ಕಾರ್ಡುಗಳನ್ನು ತಂದ, ವೋಕಾನ್ಸೋನ್ ತಾನೇ ನಡೆಯುವ ಮಗ್ಗ ಕಟ್ಟಿದ. ಇವರೆಲ್ಲರ ಜಾಣ್ಮೆಯನ್ನು ಒಂದೆಡೆ ಸೇರಿಸಿ, 1804ರ ಹೊತ್ತಿಗೆ ನೇಕಾರನ ಕೈಗೆ ಒದಗುವಂತೆ ಮಾಡಿದವನು ನೇಕಾರನ ಮಗನೇ ಆದ ಜೋಸೆಫ್-ಮರಿ ಜಕಾರ್.

ಕಾರ್ಡು ಹಾಕಿ ನಡೆಸುವ ಜಕಾರ್ಡ್‌ನಲ್ಲಿ ಆ ಏರ್ಪಾಡು ಇಂದಿಗೂ ಅದೇ. ಕಾರ್ಡಿನಲ್ಲಿ ತೂತಿದ್ದರೆ ಸೂಜಿ ಒಳಗೆ ಹೋಗುತ್ತದೆ, ಅದರ ಕೊಕ್ಕೆ ಎಳೆಯನ್ನು ಎತ್ತುತ್ತದೆ. ತೂತಿಲ್ಲದಿದ್ದರೆ ಸೂಜಿ ಹಿಂದಕ್ಕೆ ಸರಿದು ಕೊಕ್ಕೆ ತಪ್ಪುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ಒಂದು ಸಾಲಿಗೆ ಒಂದು ಕಾರ್ಡು. 1839ರಲ್ಲಿ ಲಿಯೋನಿನಲ್ಲಿ ಜಕಾರ್‌ನ ಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಹಿಡಿದ ಕಾರ್ಡುಗಳು ಸುಮಾರು 24,000! ಆ ಚಿತ್ರದ ಒಂದು ಪ್ರತಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಬಳಿಯಿತ್ತು. ಲೆಕ್ಕ ಮಾಡುವ ತನ್ನ ಯಂತ್ರಕ್ಕೂ ಅವನು ಇಂಥ ಕಾರ್ಡುಗಳನ್ನೇ ಯೋಚಿಸಿದ್ದ.

ಜಕಾರ್‌ಗೆ ಸರ್ಕಾರದ ಪಿಂಚಣಿ ಸಿಕ್ಕಿತು. ನೇಯುವವನಿಗೆ ಸಿಕ್ಕಿದ್ದೇನು? ಮಗ್ಗ ಅವನದು, ನೂಲು ಸಾಹುಕಾರನದು. ಗುಡ್ಡದ ಕೆಳಗಿನ ವ್ಯಾಪಾರಿ ನೂಲು ತೂಗಿ ಕೊಟ್ಟು, ಬಟ್ಟೆ ತೂಗಿ ತೆಗೆದುಕೊಂಡು, ಅಳತೆಯ ಮೇಲೆ ಕೂಲಿ ಕೊಡುತ್ತಿದ್ದ. ಬೇಡಿಕೆ ಬಿದ್ದಾಗೆಲ್ಲ ಕೂಲಿಯೂ ಬೀಳುತ್ತಿತ್ತು. ನೇಕಾರರು ಒಟ್ಟಾಗಿ ದರ ಕೇಳೋಣವೆಂದರೆ ಕಸುಬುದಾರರ ಸಂಘವನ್ನು 1791ರ ಕಾನೂನು ನಿಷೇಧಿಸಿತ್ತು.

ಆದರೂ ಅವರು ಕೇಳಿದರು. 1831ರ ಅಕ್ಟೋಬರಿನಲ್ಲಿ ಜಿಲ್ಲೆಯ ಆಡಳಿತಾಧಿಕಾರಿ ಬೂವಿಯೆ-ದ್ಯುಮೊಲಾರ್ ಎರಡೂ ಕಡೆಯವರನ್ನು ಕೂರಿಸಿ ಕನಿಷ್ಠ ದರದ ಪಟ್ಟಿ ಮಾಡಿಸಿದ. ಹಲವು ವ್ಯಾಪಾರಿಗಳು ಅದನ್ನು ಒಪ್ಪಲಿಲ್ಲ. ನವೆಂಬರ್ 21ರಂದು ನೇಕಾರರು ಮಗ್ಗ ನಿಲ್ಲಿಸಿ ಕಪ್ಪು ಬಾವುಟ ಹಿಡಿದು ಗುಡ್ಡ ಇಳಿದರು. ದುಡಿದು ಬದುಕುತ್ತೇವೆ, ಇಲ್ಲವೇ ಹೋರಾಡಿ ಸಾಯುತ್ತೇವೆ ಎಂಬುದು ಅವರ ಘೋಷಣೆ. ಎರಡು ಕಡೆಯೂ ರಕ್ತ ಹರಿಯಿತು, ಊರು ನೇಕಾರರ ಕೈಗೆ ಬಂತು. ಬಂದ ಮೇಲೆ ಅವರು ಲೂಟಿಗಿಳಿಯಲಿಲ್ಲ, ಕಾವಲು ನಿಂತರು. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ: ಅವರಿಗೆ ಬೇಕಿದ್ದದ್ದು ಒಪ್ಪಿದ ದರ, ಅಷ್ಟೇ.

ಡಿಸೆಂಬರ್ ಆರಂಭದಲ್ಲಿ ಸುಮಾರು 20,000 ಸೈನಿಕರು ಊರಿಗೆ ಬಂದರು. ದರದ ಪಟ್ಟಿ ರದ್ದಾಯಿತು, ಅದನ್ನು ಮಾಡಿಸಿದ ಅಧಿಕಾರಿಯನ್ನೂ ವಾಪಸ್ ಕರೆಸಿಕೊಂಡರು. 1834ರ ಏಪ್ರಿಲ್‌ನಲ್ಲಿ ಮತ್ತೆ ದಂಗೆಯೆದ್ದಾಗ ನೂರಾರು ಜನ ಸತ್ತರು. ನೇಕಾರರೇ 1831ರಲ್ಲಿ ಶುರುಮಾಡಿ, ಕೂಲಿಯ ತಕರಾರುಗಳನ್ನು ವಾರವಾರವೂ ಅಚ್ಚು ಹಾಕುತ್ತಿದ್ದ ಪತ್ರಿಕೆಯೂ ಆ ವರ್ಷ ನಿಂತಿತು.

ಫ್ರಾನ್ಸಿನಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1884ರಲ್ಲಿ. ಗುಡ್ಡ ಇಳಿದವರಲ್ಲಿ ಎಷ್ಟೋ ಮಂದಿ ಆ ಹೊತ್ತಿಗೆ ಇರಲಿಲ್ಲ. ಜಕಾರ್ಡ್ ಲಿಯೋನಿನಿಂದ ನಮ್ಮೂರಿನ ಮಗ್ಗದವರೆಗೂ ಬಂದಿದೆ. ಅದರ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳುವಾಗ ಕಟ್ಟಿದವನ ಹೆಸರಿನ ಜೊತೆಗೆ ಅದನ್ನು ನಡೆಸಿದವರ ಹೋರಾಟವನ್ನೂ ಹೇಳಬೇಕು. ನೇಯ್ದ ಬಟ್ಟೆಗೆ ಬೆಲೆ ಕಟ್ಟುವ ಜಾಗದಲ್ಲಿ ನೇಕಾರನೂ ಕೂರಬೇಕು ಎಂದು ಅವರು ಪ್ರಾಣ ಕೊಟ್ಟು ಹೇಳಿದ್ದು ನಮ್ಮ ಕಸುಬಿನವರೆಲ್ಲರ ಪರವಾಗಿ.