ಗೋವೆಯ ಗಡಿಯಲ್ಲಿ ಹೊಟ್ಟೆಬೇನೆಯ ಮಾತು: ಮೊಡಶಿ, ಕಾಲರಾ, ಭೇದಿ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾತಾಡಿದ್ದರ ಲಿಖಿತ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ಕೇಳಿಸ್ತಾ ಇದೆ ಅಂದುಕೊಳ್ತೇನೆ. ನಾನು ಮೊಲೆಂನಿಂದ ಮಾತಾಡ್ತಿದ್ದೇನೆ, ಸುತ್ತ ಕಾಡು, ನಡುವೆ ದನಿ ಕಡಿದರೆ ಚಾಟ್‌ನಲ್ಲಿ ತಿಳಿಸಿ. ಲೋಂಡಾ, ರಾಮನಗರ ದಾಟಿ ಅನಮೋಡ ಘಟ್ಟ ಇಳಿದರೆ ಸಿಗುವ ಗೋವೆಯ ಊರು ಇದು. ಇಲ್ಲಿನ ಚೆಕ್‌ಪೋಸ್ಟ್‌ನಲ್ಲಿ ಕನ್ನಡ ಕಿವಿಗೆ ಬೀಳದ ದಿನವಿಲ್ಲ. ಲಾರಿಯವರು, ತರಕಾರಿಯವರು, ಗೌಂಡಿ ಕೆಲಸಕ್ಕೆ ಬರುವವರು, ಎಲ್ಲರೂ ಈ ಘಟ್ಟ ಇಳಿದೇ ಬರಬೇಕು.

ನನ್ನ ವಿಷಯ ಹೊಟ್ಟೆಯ ಕಾಯಿಲೆಗಳ ಹೆಸರುಗಳ ಚರಿತ್ರೆ. ಅದಕ್ಕೆ ನಾನು ಬಂದದ್ದು ಗ್ರಂಥಾಲಯದಿಂದಲ್ಲ, ನಾನೇ ಮಾಡಿದ ಒಂದು ತಪ್ಪಿನಿಂದ.

ನಮ್ಮ ಪಕ್ಕದ ಬಿಡಾರದಲ್ಲಿ ಹಾವೇರಿ ಕಡೆಯ ಒಬ್ಬ ಹಿರಿಯರಿದ್ದರು, ಗೌಂಡಿ ಕೆಲಸದವರು. ತಿಂಗಳುಗಟ್ಟಲೆ ಭೇದಿ, ನಡುನಡುವೆ ರಕ್ತ. ಆಸ್ಪತ್ರೆಯಲ್ಲಿ ಕೊಲೊನೋಸ್ಕೋಪಿ ಮಾಡಬೇಕು ಅಂದರು. ಅಲ್ಲಿದ್ದವರಿಗೆ ಕೊಂಕಣಿ, ಇಂಗ್ಲಿಷ್ ಬರುತ್ತಿತ್ತು, ಇವರಿಗೆ ಕನ್ನಡ ಮಾತ್ರ. ಹಾಗಾಗಿ ದುಭಾಷಿ ನಾನಾದೆ. ಪರೀಕ್ಷೆಯ ಹಿಂದಿನ ದಿನ ಎರಡು ಲೀಟರ್ ನೀರಿನಲ್ಲಿ ಪುಡಿ ಕಲಸಿ ಕುಡಿದು ಕರುಳು ಪೂರ್ತಿ ಖಾಲಿ ಮಾಡಿಕೊಳ್ಳಬೇಕಿತ್ತು. ನಾನು ಸಲೀಸಾಗಿ, "ಕಾಕಾ, ಇದು ಭೇದಿ ಔಷಧ, ನಾಳೆ ಸಂಜೆ ಕುಡೀರಿ" ಅಂದುಬಿಟ್ಟೆ.

ಅವರು ಒಂದು ಲೋಟ ಕುಡಿದು ಉಳಿದದ್ದನ್ನು ಚೆಲ್ಲಿದ್ದರು. ಮರುದಿನ ಪರೀಕ್ಷೆ ಆಗಲಿಲ್ಲ, ಎರಡು ವಾರ ಮುಂದೆ ಹೋಯಿತು. ಮತ್ತೆ ರಜೆ, ಮತ್ತೆ ಕೂಲಿ ಖೋತಾ. ಯಾಕೆ ಚೆಲ್ಲಿದಿರಿ ಅಂತ ಕೇಳಿದರೆ, "ಯವ್ವಾ, ಭೇದಿ ಔಷಧ ಅಂದ್ರ ಭೇದಿ ನಿಲ್ಲಾಕ ಅಂತ ತಿಳಕೊಂಡೆ. ಕುಡದ ಮ್ಯಾಲ ಇನ್ನಷ್ಟು ಹತ್ತಿತು. ಇದು ನನಗ ಆಗಂಗಿಲ್ಲ ಅಂತ ಬಿಟ್ಟೆ" ಅಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ನೋಡಿ, ಕನ್ನಡದಲ್ಲಿ "ಭೇದಿ ಆಗ್ತಿದೆ" ಅಂದರೆ ಕಾಯಿಲೆ, "ಭೇದಿಗೆ ತಗೊಂಡೆ" ಅಂದರೆ ಚಿಕಿತ್ಸೆ. "ಭೇದಿ ಔಷಧ" ಎರಡೂ ಆಗಬಹುದು. ಸಂಸ್ಕೃತದ ಮೂಲ ಧಾತು 'ಭಿದ್', ಒಡೆ, ಸೀಳು ಎಂಬರ್ಥ. ಶಾರ್ಙ್ಗಧರ ಸಂಹಿತೆಯಲ್ಲಿ ಔಷಧಗಳನ್ನು ಅವು ಮಾಡುವ ಕೆಲಸದ ಪ್ರಕಾರ ವಿಂಗಡಿಸುವಾಗ 'ಭೇದನ' ಎಂಬ ಒಂದು ವರ್ಗ ಬರುತ್ತದೆ. ಕಟ್ಟಿದ ಮಲವನ್ನು ಒಡೆದು ಕೆಳಗಿಳಿಸುವಂಥದ್ದು, ಕಟುಕರೋಹಿಣಿ ಅದಕ್ಕೆ ಉದಾಹರಣೆ. ಕಾಯಿಲೆಗೆ ಆಯುರ್ವೇದದ ಹೆಸರು ಬೇರೆ, ಅತಿಸಾರ. ಅಂದರೆ ವೈದ್ಯ ಮಾಡುವ ಕ್ರಿಯೆಯ ಹೆಸರು ಜನರ ಬಾಯಲ್ಲಿ ರೋಗದ ಹೆಸರಾಗಿದೆ ಎಂಬುದು ನನ್ನ ಊಹೆ. ಹೊಟ್ಟೆಯ ಮಟ್ಟಿಗೆ ಇಂಥ ಕಲಸುಮೇಲೋಗರ ಹೊಸದೇನಲ್ಲ. 'ಗ್ರಹಣಿ' ಅಂಗದ ಹೆಸರೂ ಹೌದು, ಆ ಅಂಗ ಕೆಟ್ಟಾಗಿನ ರೋಗದ ಹೆಸರೂ ಹೌದು.

ಈಗ ನಾನೂರ ಎಂಬತ್ತು ವರ್ಷ ಹಿಂದೆ ಹೋಗೋಣ. ಮೊಲೆಂನಿಂದ ಪಶ್ಚಿಮಕ್ಕೆ, ಇಂದಿನ ಹಳೆಗೋವೆಗೆ. 1543ರಲ್ಲಿ ಅಲ್ಲಿ ಒಂದು ಹೊಟ್ಟೆಬೇನೆ ಬಂತು. ಗಾಸ್ಪರ್ ಕೊರೆಯಾ ತನ್ನ 'ಲೆಂಡಾಸ್ ದ ಇಂಡಿಯಾ'ದಲ್ಲಿ ಅದನ್ನು ಬರೆದಿಟ್ಟಿದ್ದಾನೆ. ಊರವರು ಅದನ್ನು 'ಮೊರಿಶಿ' ಅನ್ನುತ್ತಿದ್ದರಂತೆ. ಸಾವು ಎಷ್ಟು ಹೆಚ್ಚಿತೆಂದರೆ, ಜನ ಹೆದರುತ್ತಾರೆಂದು ಸತ್ತವರಿಗಾಗಿ ಚರ್ಚಿನ ಗಂಟೆ ಬಾರಿಸುವುದನ್ನೇ ನಿಲ್ಲಿಸಿದರು. ಗವರ್ನರ್ ಮಾರ್ಟಿಂ ಅಫೊನ್ಸೊ ದ ಸೌಸಾ ಸತ್ತವನೊಬ್ಬನ ಹೊಟ್ಟೆ ಬಗೆದು ನೋಡಲು ಹೇಳಿದ. ಒಳಗೆ ಕಂಡದ್ದು ಜಠರ ಮಾತ್ರ, ಅದೂ ಕೋಳಿಯ ಕಲ್ಲುಚೀಲದಷ್ಟು ಚಿಕ್ಕದಾಗಿ, ಬೆಂಕಿ ತಾಗಿದ ತೊಗಲಿನ ಹಾಗೆ ಸುಕ್ಕುಗಟ್ಟಿ ಹೋಗಿತ್ತಂತೆ. ಕೊರೆಯಾ ವೈದ್ಯನಲ್ಲ, ಆದರೂ ಅವನ ಕಣ್ಣು ಚುರುಕು. ಮೈಯ ನೀರೆಲ್ಲ ಹೋದ ಹೊಟ್ಟೆ ಅದು.

ಅದೇ ಗವರ್ನರ್ ಜೊತೆ 1534ರಲ್ಲಿ ಗೋವೆಗೆ ಬಂದಿದ್ದ ವೈದ್ಯ ಗಾರ್ಸಿಯಾ ದ ಓರ್ತಾ. ಅವನ 'ಕೊಲೊಕಿಯೊಸ್' ಗೋವೆಯಲ್ಲೇ 1563ರಲ್ಲಿ ಅಚ್ಚಾಯಿತು. ಹದಿನೇಳನೆಯ ಸಂವಾದದಲ್ಲಿ ಈ ಕಾಯಿಲೆಯ ಹೆಸರುಗಳನ್ನು ಸಾಲಾಗಿ ಇಡುತ್ತಾನೆ. ಪುಸ್ತಕದಲ್ಲಿ 'ಕೊಲೆರಿಕಾ ಪಾಸಿಯೊ', ಊರವರದು 'ಮೊರ್ಶಿ', ಪೋರ್ಚುಗೀಸರು ಅದನ್ನು ಕೆಡಿಸಿ 'ಮೊರ್ದೆಶಿ' ಅನ್ನುತ್ತಾರೆ. ಅರಬರದು 'ಹಚಾಯ್ಜಾ', ಅಂದರೆ ನಾವು ಹಿಂದಿಯಲ್ಲಿ ಕೇಳುವ 'ಹೈಜಾ'ದ ಬಂಧು. ಆಮೇಲೆ ಫ್ರೆಂಚರ ಕಿವಿಗೆ ಬಿದ್ದಾಗ 'ಮೊರ್ದೆಶಿ' 'ಮೊರ್ ದ ಶಿಯೆಂ' ಆಯಿತು, ಅಂದರೆ ನಾಯಿಸಾವು! 1886ರ 'ಹಾಬ್ಸನ್-ಜಾಬ್ಸನ್' ನಿಘಂಟಿನಲ್ಲಿ ಆ ಶೀರ್ಷಿಕೆಯಡಿಯೇ ಈ ಕಥೆಯೆಲ್ಲ ಸಿಗುತ್ತದೆ. ನಾಯಿಗೂ ಈ ರೋಗಕ್ಕೂ ಯಾವ ಸಂಬಂಧವೂ ಇಲ್ಲ, ಪಾಪ.

ಇವೆಲ್ಲದರ ಮೂಲ ಕೊಂಕಣಿ-ಮರಾಠಿಯ 'ಮೊಡಶಿ'. 'ಮೊಡ್' ಅಂದರೆ ಮುರಿ. ಇವತ್ತಿನ ಮರಾಠಿಯಲ್ಲಿ ಅದು ಬರೀ ಅಜೀರ್ಣದ ಮಟ್ಟಕ್ಕೆ ಇಳಿದಿದೆ. ನಾವು ಕನ್ನಡದಲ್ಲಿ 'ಹೊಟ್ಟೆ ಮುರಿತ' ಅನ್ನುತ್ತೇವೆ. ಭೇದಿ, ಮೊಡಶಿ, ಮುರಿತ: ಮೂರರಲ್ಲೂ ಏನೋ ಒಡೆಯುತ್ತಿದೆ. ಆದರೆ ಒಡೆಯುವುದು ಏನು? ಭೇದಿಯಲ್ಲಿ ಮಲ. ಮೊಡಶಿಯಲ್ಲಿ, ನಾನು ಓದಿಕೊಂಡ ಹಾಗೆ, ಮನುಷ್ಯನೇ ಮುರಿದು ಬೀಳುತ್ತಾನೆ.

ಈ ವ್ಯತ್ಯಾಸ ಬರೀ ಮಾತಿನದಲ್ಲ ಅನ್ನುವುದಕ್ಕೆ ಮುಂದಿನ ಚರಿತ್ರೆ ನೋಡಬೇಕು. 'ಕಾಲರಾ' ಗ್ರೀಕ್ ಮಾತು, ಪಿತ್ತಕ್ಕೆ ಸಂಬಂಧಿಸಿದ್ದು. ಕೆಟ್ಟ ರಸ ಹೊರಗೆ ಹೋಗುತ್ತಿದೆ ಎಂಬುದು ಆ ಹಳೆಯ ವೈದ್ಯದ ಕಲ್ಪನೆ. ಹೋಗುವುದು ಒಳ್ಳೆಯದೇ ಆದರೆ ಹೋಗಲು ಸಹಾಯ ಮಾಡಬೇಕಲ್ಲ? 1817ರಲ್ಲಿ ಬಂಗಾಳದ ಜೆಸ್ಸೋರ್ ಕಡೆಯಿಂದ ಕಾಲರಾ ಹಬ್ಬಿದಾಗ ಯುರೋಪಿನ ವೈದ್ಯರು ಹೆಚ್ಚಾಗಿ ಮಾಡಿದ್ದು ರಕ್ತ ತೆಗೆಯುವುದು, ಕ್ಯಾಲೊಮೆಲ್ ಎಂಬ ಪಾದರಸದ ಭೇದಿ ಔಷಧ ಕೊಡುವುದು. ಬರಿದಾಗುತ್ತಿದ್ದ ಮೈಯನ್ನು ಇನ್ನೂ ಬರಿದು ಮಾಡಿದರು. 1832ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲಟ್ಟಾ ಉಪ್ಪುನೀರನ್ನು ರಕ್ತನಾಳಕ್ಕೆ ಬಿಟ್ಟು ನೋಡಿದ, ಕೆಲವರು ಎದ್ದು ಕೂತರು. ಆದರೂ ಆ ದಾರಿ ಬಹುಕಾಲ ಪಾಳು ಬಿತ್ತು.

ಓರ್ತಾ ಕಂಡ ಊರ ಚಿಕಿತ್ಸೆ ಬೇರೆ ಥರದ್ದು. ಮೆಣಸು, ಜೀರಿಗೆ ಹಾಕಿದ ಅಕ್ಕಿ ಬೇಯಿಸಿದ ನೀರು ಕುಡಿಸುತ್ತಿದ್ದರು. ಅವನು ಅದನ್ನು 'ಕಾಂಜೆ' ಅಂತ ಬರೆಯುತ್ತಾನೆ, ನಮ್ಮ ಗಂಜಿಯೇ. ಸೆಡೆತ ಬಂದ ಕೈಕಾಲಿಗೆ ಪಟ್ಟಿ ಕಟ್ಟುತ್ತಿದ್ದರು. ಇಷ್ಟು ಹೇಳಿ ನಿಲ್ಲಿಸಿದರೆ ಚಪ್ಪಾಳೆ ಸಿಗುತ್ತೆ, ಆದರೆ ಮುಂದಿನದನ್ನೂ ಹೇಳಬೇಕು. ಪಾದಕ್ಕೆ ಕಾದ ಕಬ್ಬಿಣದ ಬರೆಯನ್ನೂ ಹಾಕುತ್ತಿದ್ದರು, ಕಣ್ಣಿಗೆ ಹಿಪ್ಪಲಿಯನ್ನೂ ಹಾಕುತ್ತಿದ್ದರು. ಕಾಮಾಲೆಗೆ ಬರೆ ಹಾಕಿಸಿಕೊಂಡವರನ್ನು ಉತ್ತರ ಕರ್ನಾಟಕದಲ್ಲಿ ನೀವೂ ನೋಡಿರಬಹುದು. ಹಾಗಾಗಿ ಊರವರಿಗೆ ಎಲ್ಲ ಗೊತ್ತಿತ್ತು ಎಂಬ ವಾದ ನನ್ನದಲ್ಲ. ಗಂಜಿಯೂ ಬರೆಯೂ ಒಂದೇ ಕೈಯಿಂದ ಬಂದವು. ಓರ್ತಾ ಕಂಡದ್ದು 1884ರಲ್ಲಿ ಕಾಕ್ ಕಲ್ಕತ್ತೆಯಲ್ಲಿ ಗುರುತಿಸಿದ ಅದೇ ಕ್ರಿಮಿಯ ರೋಗವೇ ಎಂಬ ಬಗ್ಗೆಯೂ ಚರಿತ್ರಕಾರರಲ್ಲಿ ಒಮ್ಮತವಿಲ್ಲ.

ಕೊನೆಗೆ ದಾರಿ ತೆರೆದದ್ದು 1971ರಲ್ಲಿ, ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬನಗಾಂವ್‌ನಲ್ಲಿ. ಸಲೈನ್ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಕಲಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು, ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ಸಾವು ನೂರಕ್ಕೆ ಮೂವತ್ತರ ಆಸುಪಾಸಿನಿಂದ 3.6ಕ್ಕೆ ಇಳಿಯಿತು. ಅಕ್ಕಿಯ ಹಿಟ್ಟಿನಿಂದ ಮಾಡಿದ ಓಆರ್‌ಎಸ್ ಕಾಲರಾದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಆಮೇಲೆ ಪರೀಕ್ಷೆಗಳಲ್ಲೂ ಕಂಡಿತು. ಅದರಲ್ಲಿ ಉಪ್ಪು ಮುಖ್ಯ. ಓರ್ತಾ ಹೆಸರಿಸುವುದು ಮೆಣಸು-ಜೀರಿಗೆಯನ್ನು. ಗಂಜಿಯೇ ಓಆರ್‌ಎಸ್ ಅಂತ ದಯವಿಟ್ಟು ಬರೆದುಕೊಳ್ಳಬೇಡಿ.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: "ಭೇದಿ ಬದಲು ಜುಲಾಬು ಅಂದಿದ್ದರೆ ತೊಂದರೆ ಆಗ್ತಿರಲಿಲ್ಲ ಅಲ್ವಾ?" ಒಳ್ಳೆಯ ಪ್ರಶ್ನೆ, ಆದರೆ ಅಲ್ಲೂ ಅದೇ ಗುಂಡಿ ಇದೆ. ಪಾರಸಿಯ 'ಗುಲಾಬ್', ಗುಲಾಬಿ ನೀರು, ಅರಬಿಯಲ್ಲಿ 'ಜುಲಾಬ್' ಎಂಬ ಸಿಹಿ ಪಾನಕವಾಯಿತು. ಅಲ್ಲಿಂದ ಹೊಟ್ಟೆ ತೊಳೆಯುವ ಔಷಧದ ಹೆಸರಾಗಿ ನಮ್ಮ ಕಡೆಗೂ ಬಂತು. ಈಗ ಮರಾಠಿಯಲ್ಲಿ 'ಜುಲಾಬ್ ಹೋತಾತ್' ಅಂದರೆ ಕಾಯಿಲೆಯೇ. ಗಡಿಯ ಈ ಕಡೆ ಆ ಮಾತು ಆಡಿದ್ದರೆ ಅವರ ಗೊಂದಲದ ಜೊತೆಗೆ ನರ್ಸಮ್ಮನ ಗೊಂದಲವೂ ಸೇರುತ್ತಿತ್ತು.

ಎರಡನೇ ಸಲ ನಾನು ಹೆಸರನ್ನೇ ಹೇಳಲಿಲ್ಲ. "ಕಾಕಾ, ಕೊಡ ತೊಳೀತೀರಲ್ಲ, ಹಂಗ. ಇದು ಕರುಳು ತೊಳೆಯೋ ನೀರು. ಕುಡದ ಮ್ಯಾಲ ಬಾಳ ಸಲ ಹೋಗ್ತದ, ಹೆದರಬ್ಯಾಡ್ರಿ. ತಿಳಿ ನೀರು ಬರೋತನಕ ನಿಲ್ಲಿಸಬ್ಯಾಡ್ರಿ" ಅಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಂಗ ಮೊದಲs ಹೇಳಬೇಕಿತ್ತಲ್ಲ ಯವ್ವಾ" ಅಂದರು. ಎರಡೂ ಲೀಟರ್ ಕುಡಿದರು. ಪರೀಕ್ಷೆ ಆಯಿತು.