ರೋಗಿಯ ಆಹಾರ: ವೆಚ್ಚವೆಷ್ಟು, ಲಾಭವೆಷ್ಟು?

ಆಸ್ಪತ್ರೆಯಲ್ಲಿ ಔಷಧ, ಪರೀಕ್ಷೆ, ಕೊಠಡಿಗಳ ಖರ್ಚನ್ನು ಲೆಕ್ಕವಿಡುವ ನಾವು, ರೋಗಿಯ ತಟ್ಟೆಯಲ್ಲಿ ಉಳಿದ ಅನ್ನವನ್ನು ಗಮನಿಸುವುದು ವಿರಳ. ನ್ಯೂನಪೋಷಣೆಯಿಂದ ಸ್ನಾಯುಗಳು ಕರಗುತ್ತವೆ, ಗಾಯ ಮಾಯುವುದು ತಡವಾಗುತ್ತದೆ, ಸೋಂಕಿನ ಅಪಾಯ ಹೆಚ್ಚುತ್ತದೆ. ಇವುಗಳೊಡನೆ ಖರ್ಚೂ ಬೆಳೆಯುತ್ತದೆ.

ಸ್ವಿಟ್ಜರ್ಲೆಂಡಿನ 8 ಆಸ್ಪತ್ರೆಗಳಲ್ಲಿ, ನ್ಯೂನಪೋಷಣೆಯ ಅಪಾಯವಿದ್ದ 2,000ಕ್ಕೂ ಹೆಚ್ಚು ರೋಗಿಗಳ ಅಧ್ಯಯನವೊಂದು ನಡೆದು 2019ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯ ಸಾಮಾನ್ಯ ಊಟ ಪಡೆದವರಲ್ಲಿ 30 ದಿನಗಳೊಳಗೆ ಶೇ. 10ರಷ್ಟು ಮಂದಿ ಮೃತಪಟ್ಟಿದ್ದರು. ಆಹಾರತಜ್ಞರು ಪ್ರತ್ಯೇಕವಾಗಿ ಆರೈಕೆ ಮಾಡಿದವರಲ್ಲಿ ಈ ಪ್ರಮಾಣ ಶೇ. 7. ಒಟ್ಟು ವೆಚ್ಚದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಆದರೆ ಆರು ತಿಂಗಳ ವೇಳೆಗೆ ಈ ಲಾಭ ಉಳಿಯಲಿಲ್ಲ. ಆದ್ದರಿಂದ ಮನೆಗೆ ಮರಳಿದ ಮೇಲೂ ಆರೈಕೆ ಮುಂದುವರಿಯಬೇಕೆಂಬುದು ನಮ್ಮ ಅಭಿಪ್ರಾಯ.

ಬಜಾಜ್ ನಗರದ ನಮ್ಮ ಕುಟುಂಬಗಳು ದಾಖಲಾತಿಯ ದಿನವೇ ರೋಗಿಯ ತೂಕ ಬರೆಸಿಕೊಳ್ಳುವುದು ಒಳಿತು. ಮೂರು ತಿಂಗಳಲ್ಲಿ ಶೇ. 5ಕ್ಕಿಂತ ಹೆಚ್ಚು, ಅಂದರೆ 60 ಕಿಲೋ ತೂಕದವರು 3 ಕಿಲೋಗೂ ಮೀರಿ ಇಳಿದಿದ್ದರೆ, ಆಹಾರತಜ್ಞರ ಭೇಟಿಯನ್ನು ಕೇಳಬೇಕು. ಬರಿಯ ಗಂಜಿಯಲ್ಲಿ ಪ್ರೋಟೀನು ಕಡಿಮೆ. ತೊವ್ವೆ, ಮೊಸರು ಜೊತೆಗಿರಲಿ. ದುಬಾರಿ ಪುಡಿಯ ಡಬ್ಬಿ ಎಲ್ಲರಿಗೂ ಬೇಕಿಲ್ಲ. ಮೂತ್ರಪಿಂಡದ ರೋಗಿಗಳಿಗೆ ಹಾಗೂ ಬಹುದಿನ ಉಣ್ಣದವರಿಗೆ ವೈದ್ಯರ ಸಲಹೆಯಿಲ್ಲದೆ ಆಹಾರ ಹೆಚ್ಚಿಸಬಾರದು.